ಕನ್ನಡಕ ಮೋಸ ಅಲ್ಲ ಅಂದ್ಮೇಲೆ ಒಂದು ಎಕ್ಸ್ ಗ್ಲಾಸ್ ಹೇಗೆ ಮೋಸ?

ಭಾಗ 1
(ಫೋಟೋ: ಹೋದ ವರ್ಷದ ಕೈಲ್‌ಪೋಳ್ದ್. ಕೋವಿ ಮೇಲೆ ತೋಕ್ ಪೂ. ಹಿಂದೆ ಬ್ಲರ್ ಆಗಿ ಕಾಣ್ತಿರೋದು ನಮ್ಮಪ್ಪ.)

"ಸ್ಕೋಪ್ ಹಾಕ್ಕೊಂಡು ಹೊಡೆಯೋದಾದ್ರೆ ನಮ್ಮಜ್ಜಿನೂ ಹೊಡೀತಾರೆ" ಅಂತ ಮೈಕ್‌ನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ ಅಣ್ಣ, ಈ ಸೀರೀಸ್ ನಿಮಗೆ. ಹೆಸರು ಹಾಕಲ್ಲ. ನಿಮಗೆ ಗೊತ್ತಿದೆ, ನನಗೆ ಗೊತ್ತಿದೆ, ಸಾಕು.

ಹೊರಗಿನವರಿಗೆ ಸ್ವಲ್ಪ ಹಿನ್ನೆಲೆ. ಕೊಡಗಿನಲ್ಲಿ ಸೆಪ್ಟೆಂಬರ್ ಮೊದಲ ವಾರ ಕೈಲ್‌ಪೋಳ್ದ್. ನಾಟಿ ಮುಗಿದಿರುತ್ತೆ, ಕೋವಿಗೆ ಪೂಜೆ, ಕಡುಂಬುಟ್ಟು, ಪಂದಿ ಕರಿ, ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ. ನಮ್ಮೂರಲ್ಲಿ ಪಾಯಿಂಟ್ ಟೂ ಟೂ ರೈಫಲ್‌ಗೆ 50 ಮೀಟರ್. ಅಪ್ಪನಿಗೆ 56 ವರ್ಷ. ನಾನು ಶಾಲೆಗೆ ಹೋಗ್ತಿದ್ದಾಗ ನಾಲ್ಕು ಸಲ ಅವರೇ ಬಹುಮಾನ ತಂದಿದ್ದು. ಒಂದು ಕುಕ್ಕರ್ ಇನ್ನೂ ಅಡುಗೆಮನೇಲಿ ಕೂಗ್ತಾ ಇದೆ.

ಹೋದ ವರ್ಷ ಮೂರು ಗುಂಡು, ಮೂರೂ ಖಾಲಿ. ಅಪ್ಪ ಏನೂ ಹೇಳಲಿಲ್ಲ. ಕೋವಿ ಒರೆಸಿ, ಚೀಲಕ್ಕೆ ಹಾಕಿ, ಊಟಕ್ಕೂ ನಿಲ್ಲದೆ ಮನೆಗೆ ಬಂದ್ರು. ಈ ವರ್ಷ "ನಾನು ಹೆಸರು ಕೊಡಲ್ಲ, ಹುಡುಗರು ಹೊಡೀಲಿ" ಅಂದ್ರು. ಕೈ ನಡುಗೋದಿಲ್ಲ ಅವರಿಗೆ. ಉಸಿರು ಹಿಡಿಯೋದು, ಟ್ರಿಗರ್ ಒತ್ತೋದು ನನಗಿಂತ ನೂರು ಪಾಲು ಚೆನ್ನಾಗಿದೆ. ಹೋಗಿರೋದು ಹತ್ತಿರದ ದೃಷ್ಟಿ ಮಾತ್ರ. ಅದಕ್ಕೆ ಈ ಸಲ ಒಂದು ಪುಟ್ಟ ಪ್ರಿಸಂ ಸೈಟ್, ಅದೂ 1 ಎಕ್ಸ್, ಹಾಕ್ಬಹುದಾ ಅಂತ ಸಮಿತಿಗೆ ಕೇಳಿದೆ. "ಸ್ಕೋಪ್ ಅಂದ್ರೆ ಸ್ಕೋಪೇ ಮಗಳೇ, ಆಗಲ್ಲ" ಅಂದ್ರು.

ಅಲ್ಲಿಂದ ಶುರುವಾಯ್ತು.

(ಹುಡುಗಿಗೆ ಯಾಕೆ ಇದೆಲ್ಲ ಅಂತ ಡಿಎಂ ಮಾಡೋರಿಗೆ: ಹೆಂಗಸರ ವಿಭಾಗದಲ್ಲಿ ನಾನೂ ಹೊಡೀತೀನಿ. ಬನ್ನಿ.)

ಭಾಗ 2
(ಫೋಟೋ: ನಮ್ಮ ರೈಫಲ್‌ನ ಮುಂದಿನ ಸೈಟ್, ಪಕ್ಕದಲ್ಲಿ ಸ್ಕೇಲ್.)

ಓಪನ್ ಸೈಟ್‌ನಲ್ಲಿ ಕಣ್ಣಿಗೆ ಮೂರು ಕೆಲಸ. ಹತ್ತಿರದ ಹಿಂದಿನ ಕಚ್ಚು, ತೋಳಿನಷ್ಟು ದೂರದ ಮುಂದಿನ ಕಡ್ಡಿ, 50 ಮೀಟರ್ ಆಚೆಯ ಕಾಯಿ. ಮನುಷ್ಯನ ಕಣ್ಣು ಒಂದು ಸಲಕ್ಕೆ ಒಂದು ದೂರಕ್ಕೆ ಮಾತ್ರ ಫೋಕಸ್ ಆಗುತ್ತೆ. ಇಪ್ಪತ್ತರ ವಯಸ್ಸಲ್ಲಿ ಒಳಗಿನ ಲೆನ್ಸ್ ಮೆತ್ತಗಿರುತ್ತೆ, ಸರಸರ ಬದಲಾಯಿಸ್ಕೊಂಡು ಮೂರನ್ನೂ ನೋಡಿದ ಹಾಗೆ ಭ್ರಮೆ ಕೊಡುತ್ತೆ. ನಲವತ್ತು ದಾಟಿದ ಮೇಲೆ ಆ ಲೆನ್ಸ್ ಗಟ್ಟಿಯಾಗ್ತಾ ಬರುತ್ತೆ. ಪೇಪರ್ ಓದೋಕೆ ಕೈ ಉದ್ದ ಮಾಡ್ತಾರಲ್ಲ, ಅದೇ. ಅಪ್ಪನಿಗೆ ಈಗ ಮುಂದಿನ ಕಡ್ಡಿ ಅಂದ್ರೆ ಒಂದು ಬೂದು ಹೊಗೆ. ಓದೋ ಕನ್ನಡಕ ಹಾಕಿದ್ರೆ ಕಡ್ಡಿ ಕಾಣುತ್ತೆ, ಕಾಯಿ ಮಾಯ.

ಲೆಕ್ಕ ನೋಡಿ. ನಮ್ಮ ಕಡ್ಡಿ 2 ಮಿಲಿಮೀಟರ್ ಅಗಲ, ಕಣ್ಣಿಂದ ಸುಮಾರು 80 ಸೆಂಟಿಮೀಟರ್. ಹಾಗಾದ್ರೆ 50 ಮೀಟರ್ ದೂರದಲ್ಲಿ ಅದು ಮುಚ್ಚೋದು 12.5 ಸೆಂಟಿಮೀಟರ್. ಸುಲಿದ ಕಾಯಿ ಎಷ್ಟು? ಹತ್ತು ಸೆಂಟಿಮೀಟರ್ ಇಟ್ಕೊಳ್ಳಿ. ಕಡ್ಡಿ ಕಾಯಿಗಿಂತ ದೊಡ್ಡದು! ಕಡ್ಡಿಯ ತಲೆ ಚೂಪಾಗಿ ಕಂಡ್ರೆ ಕಾಯಿಯನ್ನ ಅದರ ಮೇಲೆ ಕೂರಿಸಿ ಹೊಡೀಬಹುದು. ಅದೇ ಮಸುಕಾದ್ರೆ, ಕಾಯಿ ಎಲ್ಲಿ ಕೂತಿದೆ ಅಂತಾನೇ ಗೊತ್ತಾಗಲ್ಲ. ಅಪ್ಪ ಹೋದ ವರ್ಷ ಅಂದಾಜಿಗೆ ಹೊಡೆದ್ರು. ನಾವು ಅದನ್ನ ನೋಡಿ ನಕ್ವಿ.

ಭಾಗ 3
(ಫೋಟೋ: ಆನ್‌ಲೈನ್‌ನಲ್ಲಿ ತರಿಸಿದ "ಮಿಲಿಟರಿ ಗ್ರೇಡ್" ಡಬ್ಬಿ. ಈಗ ಪೇಪರ್‌ವೇಟ್.)

ಸಮಿತಿಗೆ ಬೈಯೋ ಮುಂಚೆ ಸ್ವಲ್ಪ ನನಗೇ ಬೈಕೋತೀನಿ, ಆಗ್ಲೇ ನ್ಯಾಯ.

ಮೊದಲು ನಾನು ಮಾಡಿದ್ದು ಎಲ್ಲ ಹುಡುಗರು ಮಾಡೋ ತಪ್ಪು. ಅಮೆರಿಕನ್ ವಿಡಿಯೋ ನೋಡಿ ಏಕಾಗ್ ಬೇಕು ಅಂದ್ಕೊಂಡೆ. ಏಕಾಗ್ ಅಂದ್ರೆ ಟ್ರಿಜಿಕಾನ್ ಕಂಪನಿ 1987ರಲ್ಲಿ ತಂದ 4 ಎಕ್ಸ್ ಪ್ರಿಸಂ ಸ್ಕೋಪ್, ಅಮೆರಿಕದ ಮರೀನ್ ಸೈನಿಕರ ರೈಫಲ್ ಮೇಲೆ ಕಾಣುತ್ತಲ್ಲ, ಅದು. ಅಸಲಿಗೆ ಅಲ್ಲೇ ಸಾವಿರ ಡಾಲರ್ ದಾಟುತ್ತೆ. ನಮ್ಮಂಥವರಿಗೆ ಅದರ ನಕಲು. 4,800 ರೂಪಾಯಿ ಕೊಟ್ಟೆ, ಮೌಂಟ್‌ಗೆ ಬೇರೆ 900. ಅಸಲಿಯಲ್ಲಿ ಮೇಲಿರೋ ಕೆಂಪು ಫೈಬರ್ ಹೊರಗಿನ ಬೆಳಕು ಹೀರಿ ರೆಟಿಕಲ್ ಬೆಳಗಿಸುತ್ತೆ. ನನ್ನದರಲ್ಲಿ ಆ ಫೈಬರ್ ಬರೀ ಶೋಕಿ, ಒಳಗೆ ಒಂದು ಬಟನ್ ಸೆಲ್.

ಝೀರೋ ಮಾಡಿದೆ. ಹತ್ತು ಗುಂಡಿಗೆ ಬಲಕ್ಕೆ ಹೋಯ್ತು. ತಿರುಗಿಸಿದೆ, ಮೇಲೆ ಹೋಯ್ತು. ಜುಲೈ ಮಳೆಗೆ ಗಾಜಿನ ಒಳಗಡೆ ಮಂಜು ಕಟ್ತು. ಒರೆಸೋಕೆ ಒಳಗಡೆ ಕೈ ಹಾಕೋದು ಹೇಗೆ? ಕೊಡಗಿನ ಮಳೆ ಕಂಡವರಿಗೆ ಗೊತ್ತು, ಇಲ್ಲಿ ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಬರುತ್ತೆ. ಒಳಗೆ ನೈಟ್ರೋಜನ್ ತುಂಬಿ ಸೀಲ್ ಮಾಡದ ಗ್ಲಾಸ್ ಇಲ್ಲಿ ಒಂದು ಮಳೆಗಾಲ ಬದುಕಲ್ಲ. ಒಳ್ಳೆ ಗ್ಲಾಸ್ ಆದ್ರೂ ಸಿಲಿಕಾ ಜೆಲ್ ಜೊತೆ ಡಬ್ಬದಲ್ಲಿಡಿ, ಚರ್ಮದ ಚೀಲದಲ್ಲಿ ಬೇಡ.

ಬಿಕಾಂನಲ್ಲಿ ಸಂಕ್ ಕಾಸ್ಟ್ ಅಂತ ಒಂದು ಪಾಠ. ಮುಳುಗಿದ ದುಡ್ಡನ್ನ ಮುಂದಿನ ನಿರ್ಧಾರಕ್ಕೆ ಸೇರಿಸ್ಬೇಡ ಅಂತ. ಪರೀಕ್ಷೇಲಿ ಚೆನ್ನಾಗಿ ಬರೆದೆ. ಮನೇಲಿ ಮಾತ್ರ "ಇಷ್ಟು ಕೊಟ್ಟಿದೀನಿ, ಸರಿಯಾಗುತ್ತೆ" ಅಂತ ಇನ್ನೂ ಎರಡು ಡಬ್ಬ ಗುಂಡು ಸುಟ್ಟೆ.

ಭಾಗ 4
(ಫೋಟೋ: ಒಂದೇ ರೆಡ್ ಡಾಟ್. ಫೋನ್ ಕ್ಯಾಮೆರಾದಲ್ಲಿ ಹೇಗೆ ಕಾಣುತ್ತೆ, ಪಕ್ಕದಲ್ಲಿ ನನ್ನ ಕಣ್ಣಿಗೆ ಹೇಗೆ ಕಾಣುತ್ತೆ ಅಂತ ನಾನೇ ಬಿಡಿಸಿದ ಚಿತ್ರ.)

"ರೆಡ್ ಡಾಟ್ ಹಾಕು, ಸಿಂಪಲ್" ಅಂತ ಇನ್ನೊಂದು ಗುಂಪು.

ನೋಡಿದೆ. ಗೆಳತಿಯ ಅಣ್ಣನ ಏರ್ ರೈಫಲ್ ಮೇಲಿತ್ತು. ಅವನಿಗೆ ದುಂಡಗಿನ ಚುಕ್ಕೆ, ನನಗೆ ಒಡೆದ ದಾಳಿಂಬೆ. ಅಸ್ಟಿಗ್ಮ್ಯಾಟಿಸಂ. ಕಣ್ಣಿನ ಕರಿಗುಡ್ಡೆ ಮುಂದಿನ ಪಾರದರ್ಶಕ ಪದರ ಗುಂಡಗೆ ಇರೋ ಬದಲು ಸ್ವಲ್ಪ ಕೋಳಿಮೊಟ್ಟೆ ಥರ. ಹೊಳೆಯೋ ಚುಕ್ಕೆ ಬಾಲ ಬಿಡುತ್ತೆ, ನಕ್ಷತ್ರ ಆಗುತ್ತೆ. ನಿಮಗೆ ಇದೆಯಾ ಅಂತ ಅನುಮಾನ ಇದ್ರೆ ಡಾಟ್‌ನ ಫೋನ್‌ನಲ್ಲಿ ಫೋಟೋ ತೆಗೀರಿ. ಫೋಟೋದಲ್ಲಿ ದುಂಡಗಿದ್ದು ಕಣ್ಣಿಗೆ ಚೆಲ್ಲಾಪಿಲ್ಲಿ ಕಂಡ್ರೆ ಅಂಗಡಿಯವನ ಜೊತೆ ಜಗಳ ಬೇಡ, ಕಣ್ಣಿನ ಡಾಕ್ಟರ್ ಹತ್ರ ಹೋಗಿ.

ಪ್ರಿಸಂ ಸೈಟ್ ಇಲ್ಲಿ ಬೇರೆ ಆಗೋದು. ಅದರಲ್ಲಿ ರೆಟಿಕಲ್ ಬೆಳಕಿನ ಚುಕ್ಕೆ ಅಲ್ಲ, ಗಾಜಿನ ಮೇಲೇ ಕೊರೆದ ಕಪ್ಪು ಗೆರೆ. ಬ್ಯಾಟರಿ ಸತ್ರೂ ಇರುತ್ತೆ. ಕಣ್ಣಿನ ಕಡೆ ಡಯಾಪ್ಟರ್ ಅಂತ ಒಂದು ಬಳೆ ಇರುತ್ತೆ, ತಿರುಗಿಸಿದ್ರೆ ಗೆರೆ ನಿಮ್ಮ ಕಣ್ಣಿಗೆ ಚೂಪಾಗುತ್ತೆ. ನಿಜ ಹೇಳ್ಬೇಕು: ಡಯಾಪ್ಟರ್ ಸರಿಮಾಡೋದು ಪ್ಲಸ್ಸು ಮೈನಸ್ಸು ಮಾತ್ರ, ಸಿಲಿಂಡರ್ ಪವರ್ ಅಲ್ಲ. ಲೈಟ್ ಜೋರು ಮಾಡಿದ್ರೆ ಪ್ರಿಸಂನಲ್ಲೂ ನನಗೆ ಸ್ವಲ್ಪ ಚೆಲ್ಲುತ್ತೆ. ಲೈಟ್ ಆರಿಸಿ ಕಪ್ಪು ಗೆರೆ ಬಳಸಿದ್ರೆ ತೊಂದರೆ ಇಲ್ಲ. ಮಾರೋರು ಇದನ್ನ ಹೇಳಲ್ಲ, "ಅಸ್ಟಿಗ್ಮ್ಯಾಟಿಸಂಗೆ ಔಷಧಿ" ಅನ್ನೋ ಥರ ಮಾರ್ತಾರೆ.

ಭಾಗ 5
(ಫೋಟೋ: ಎರಡು ಸ್ಕೋಪ್ ಅಕ್ಕಪಕ್ಕ. ಒಂದು ಬಾಳೆಗೊನೆ, ಒಂದು ಬಾಳೆಹಣ್ಣು.)

ಈಗ ನಮ್ಮ ಕಡೆಯ ಎರಡನೇ ಕಾಯಿಲೆ. ಓಪನ್ ಸೈಟ್ ಮಾತ್ರ ಗಂಡಸ್ತನ ಅನ್ನೋರು ಒಂದು ಕಡೆ. ಪಾಯಿಂಟ್ ಟೂ ಟೂ ಮೇಲೆ 6-24 ಎಕ್ಸ್ ದೂರದರ್ಶಕ ಕಟ್ಕೊಂಡು ರೀಲ್ಸ್ ಹಾಕೋರು ಇನ್ನೊಂದು ಕಡೆ. ಯಾಕೆ ಮಾರಾಯ್ರೆ? 50 ಮೀಟರ್‌ಗೆ ತೆಂಗಿನಕಾಯಿಯ ಮೂರು ಕಣ್ಣು ಎಣಿಸ್ಬೇಕಾ?

3 ಎಕ್ಸ್ ಅಂದ್ರೆ 50 ಮೀಟರ್‌ನ ಕಾಯಿ ಸುಮಾರು 17 ಮೀಟರ್‌ನಲ್ಲಿರೋ ಹಾಗೆ ಕಾಣುತ್ತೆ. ನಮ್ಮ ಅಂಗಳದಿಂದ ದನದ ಕೊಟ್ಟಿಗೆಗೆ ಅಷ್ಟೇ ದೂರ. ಇನ್ನೇನು ಬೇಕು? ಎಕ್ಸ್ ಜಾಸ್ತಿ ಮಾಡಿದಷ್ಟೂ ನಿಮ್ಮ ಎದೆಬಡಿತ, ಉಸಿರು, ತೋಳಿನ ನಡುಕ ಎಲ್ಲ ಅಷ್ಟೇ ಪಟ್ಟು ದೊಡ್ಡದಾಗಿ ಕಾಣುತ್ತೆ. ನಿಂತು ಹೊಡೆಯುವಾಗ 12 ಎಕ್ಸ್‌ನಲ್ಲಿ ಕಾಯಿ ಕುಣಿಯುತ್ತೆ, ಹೆದರಿ ಟ್ರಿಗರ್ ಎಳೀತೀರಿ, ಹೋಯ್ತು. ಕಾಣೋ ಜಾಗವೂ ಕಿರಿದು, ಕಾಯಿ ಹುಡುಕೋದ್ರಲ್ಲೇ ಸಮಯ ಮುಗಿಯುತ್ತೆ.

ಪ್ರಿಸಂ ಯಾಕೆ ಗಿಡ್ಡ? ಸ್ಕೋಪ್‌ನ ಮುಂದಿನ ಗಾಜು ಚಿತ್ರವನ್ನ ತಲೆಕೆಳಗು ಮಾಡುತ್ತೆ. ಮಾಮೂಲಿ ಸ್ಕೋಪ್‌ನಲ್ಲಿ ಅದನ್ನ ನೆಟ್ಟಗೆ ಮಾಡೋಕೆ ಮಧ್ಯೆ ಇನ್ನೊಂದಿಷ್ಟು ಲೆನ್ಸ್ ಸಾಲಾಗಿ ಬೇಕು, ಅದಕ್ಕೇ ಕೊಳವೆ ಉದ್ದ. ಇಲ್ಲಿ ಆ ಕೆಲಸ ಪ್ರಿಸಂ ಮಾಡುತ್ತೆ. ಬೆಳಕನ್ನ ಅಲ್ಲೇ ಮಡಚಿ ತಿರುಗಿಸುತ್ತೆ, ಬೈನಾಕ್ಯುಲರ್ ಒಳಗೆ ಆಗೋ ಹಾಗೆ. ಚಿಕ್ಕ ಪ್ರಿಸಂ ಸೈಟ್‌ಗಳು ಸುಮಾರು 200-300 ಗ್ರಾಂ. ಉದ್ದದವು ಅದರ ಎರಡು ಪಟ್ಟಿಗಿಂತ ಜಾಸ್ತಿ, ತೆಳ್ಳನೆ ಪಾಯಿಂಟ್ ಟೂ ಟೂ ಮೇಲೆ ಇಟ್ರೆ ಕೋವಿ ತಲೆಭಾರ ಆಗಿ ವಾಲುತ್ತೆ.

1-6 ಎಕ್ಸ್ ತಗೊಂಡ್ರೆ ಎರಡೂ ಆಯ್ತಲ್ಲ ಅಂತ ಕೇಳ್ತೀರಿ. ಭಾರ, ಬೆಲೆ, ಮತ್ತೆ ಆ ಬಳೆ ತಿರುಗಿಸೋ ಚಟ. ಬೇಡ.

ಭಾಗ 6
(ಫೋಟೋ: ಕೆನ್ನೆ ಮತ್ತು ದಿಮ್ಮಿ ನಡುವೆ ಕೈ ತೂರುವಷ್ಟು ಸಂದಿ. ಮಾಡೆಲ್: ನಾನೇ.)

ತಗೊಳ್ಳೋರು ಕೇಳ್ತಿದ್ರಿ, ಅದಕ್ಕೆ ಇದು ಉದ್ದ. ಸೇವ್ ಮಾಡ್ಕೊಳ್ಳಿ.

ಪ್ರಿಸಂ ಸೈಟ್‌ಗಳು ಹೆಚ್ಚಾಗಿ ಎಆರ್-15 ಥರದ ಅಮೆರಿಕನ್ ರೈಫಲ್‌ಗೆ ಅಂತಾನೇ ಮಾಡಿದವು. ಅದರ ಹಿಂಭಾಗ ನಳಿಗೆಯ ನೇರಕ್ಕೆ ಇರುತ್ತೆ, ಹಾಗಾಗಿ ಸೈಟ್ ಎತ್ತರದಲ್ಲಿ ಬೇಕು. ನಮ್ಮ ಮರದ ದಿಮ್ಮಿಯ ಹಳೇ ರೈಫಲ್‌ನಲ್ಲಿ ದಿಮ್ಮಿ ಕೆಳಗೆ ಇಳಿದಿರುತ್ತೆ. ಡಬ್ಬಿಯಲ್ಲಿ ಬಂದ ಎತ್ತರದ ಮೌಂಟ್ ಹಾಗೇ ಹಾಕಿದ್ರೆ ಕೆನ್ನೆ ಗಾಳಿಯಲ್ಲಿ ತೇಲುತ್ತೆ. ಕೆನ್ನೆ ಕೂರದಿದ್ರೆ ಎಂಥ ಗ್ಲಾಸ್ ಇದ್ರೂ ದಂಡ. ಸಿಗೋದ್ರಲ್ಲಿ ಅತಿ ಕೆಳಗಿನ ಮೌಂಟ್ ತಗೊಳ್ಳಿ. ಇನ್ನೊಂದು, ಹಳೇ ಪಾಯಿಂಟ್ ಟೂ ಟೂಗಳ ಮೇಲೆ ಇರೋದು 11 ಮಿಲಿಮೀಟರ್ ಡವ್‌ಟೇಲ್ ಗಾಡಿ. ಪ್ರಿಸಂ ಕೂರೋದು ಪಿಕಟಿನಿ ರೈಲ್ ಮೇಲೆ. ನಡುವೆ ಅಡಾಪ್ಟರ್ ಬೇಕು, ಅದೂ ಗಿಡ್ಡದೇ ಇರ್ಲಿ. ನಾನು 900 ಕಳೆದದ್ದು ಇಲ್ಲೇ.

ಐ ರಿಲೀಫ್, ಅಂದ್ರೆ ಗಾಜಿಗೂ ಕಣ್ಣಿಗೂ ಬೇಕಾದ ದೂರ, ಪ್ರಿಸಂನಲ್ಲಿ ಕಮ್ಮಿ. 4 ಎಕ್ಸ್ ಏಕಾಗ್‌ನಲ್ಲಿ ಬರೀ ಒಂದೂವರೆ ಇಂಚು. ಪಾಯಿಂಟ್ ಟೂ ಟೂ ಒದೆಯೋದೇ ಇಲ್ಲ, ಅದಕ್ಕೆ ನಡೆಯುತ್ತೆ. ಇದನ್ನೇ ಹನ್ನೆರಡು ಬೋರ್ ಮೇಲೆ ಕಟ್ಟಿದ್ರೆ ಹುಬ್ಬಿಗೆ ಹೊಲಿಗೆ ಗ್ಯಾರಂಟಿ. ದಯವಿಟ್ಟು ಮಾಡ್ಬೇಡಿ. ಸ್ಪ್ರಿಂಗ್ ಏರ್ ರೈಫಲ್ ಇರೋರಿಗೆ ಬೇರೆ ಎಚ್ಚರಿಕೆ: ಅದು ಹಿಂದಕ್ಕೂ ಒದೆಯುತ್ತೆ, ಮುಂದಕ್ಕೂ ಒದೆಯುತ್ತೆ. ದೊಡ್ಡ ರೈಫಲ್ ತಡೆಯೋ ಗ್ಲಾಸ್ ಕೂಡ ಆ ಮುಂದಿನ ಒದೆತಕ್ಕೆ ಸಡಿಲ ಆಗುತ್ತೆ. ಏರ್‌ಗನ್‌ಗೆ ಆಗುತ್ತೆ ಅಂತ ತಯಾರಕರೇ ಬರೆದಿದ್ರೆ ಮಾತ್ರ ಹಾಕಿ.

ರೆಟಿಕಲ್‌ನಲ್ಲಿ ಕೆಳಗೆ ಏಣಿ ಥರ ಗುರುತು ಇರೋದಕ್ಕೆ ಜಾಸ್ತಿ ದುಡ್ಡು ಕೊಡ್ಬೇಡಿ. ಅದು 5.56 ಅಥವಾ .308 ಗುಂಡು ನಾನೂರು ಐನೂರು ಗಜದಲ್ಲಿ ಎಷ್ಟು ಬೀಳುತ್ತೆ ಅನ್ನೋ ಲೆಕ್ಕ. ನಮ್ಮ ಪಾಯಿಂಟ್ ಟೂ ಟೂಗೂ ಅದಕ್ಕೂ ಸಂಬಂಧ ಇಲ್ಲ. ಒಂದು ಚುಕ್ಕೆ, ಸುತ್ತ ಒಂದು ವೃತ್ತ, ಸಾಕು. 2 ಎಂಒಎ ಚುಕ್ಕೆ 50 ಮೀಟರ್‌ನಲ್ಲಿ ಮುಚ್ಚೋದು ಮೂರು ಸೆಂಟಿಮೀಟರ್‌ಗೂ ಕಮ್ಮಿ. ಹನ್ನೆರಡೂವರೆ ಎಲ್ಲಿ, ಮೂರು ಎಲ್ಲಿ!

ಪ್ಯಾರಲಾಕ್ಸ್ ಅಂತ ಹೆದರಿಸೋರು ಇದ್ದಾರೆ. ಲೆಕ್ಕ ಹಾಕಿದೆ. 20 ಮಿಲಿಮೀಟರ್ ಗಾಜು, 90 ಮೀಟರ್‌ಗೆ ಹೊಂದಿಸಿದ್ದು, 50ರಲ್ಲಿ ಹೊಡೆದ್ರೆ, ಕಣ್ಣು ಪೂರ್ತಿ ಅಂಚಿಗೆ ಹೋದ್ರೂ ಅರ್ಧ ಸೆಂಟಿಮೀಟರ್ ಒಳಗೇ ತಪ್ಪು. ತೆಂಗಿನಕಾಯಿಗೆ ಅದು ಗೊತ್ತಾಗಲ್ಲ.

ಬೆಲೆ? ನಂಬಬಹುದಾದ ಚಿಕ್ಕ ಪ್ರಿಸಂ ಅಮೆರಿಕದಲ್ಲೇ 250 ಡಾಲರ್ ಆಸುಪಾಸಿನಿಂದ ಶುರು. ಇಲ್ಲಿ ಜಾಸ್ತಿನೇ. ಬಿಲ್ ಕೊಡೋ ಅಂಗಡಿಯಲ್ಲಿ ಮಾತ್ರ ತಗೊಳ್ಳಿ. ಅಷ್ಟು ದುಡ್ಡಿಲ್ವಾ? ಸುಮ್ನಿರಿ. ನಕಲು ತಗೊಳ್ಳೋದಕ್ಕಿಂತ ಕನ್ನಡಕದ ಮೇಲೆ ಕಪ್ಪು ಟೇಪ್ ಅಂಟಿಸಿ, ಸೂಜಿಯಲ್ಲಿ ಸಣ್ಣ ತೂತು ಮಾಡಿ ನೋಡಿ. ತಮಾಷೆ ಅಲ್ಲ, ಸಣ್ಣ ತೂತಿನಿಂದ ನೋಡಿದ್ರೆ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಚೂಪಾಗುತ್ತೆ. ಮಬ್ಬು ಬೆಳಕಲ್ಲಿ ಮಾತ್ರ ಏನೂ ಕಾಣಲ್ಲ, ನಮ್ಮಲ್ಲಿ ಸೆಪ್ಟೆಂಬರ್ ಅಂದ್ರೆ ಅರ್ಧ ದಿನ ಮಬ್ಬು.

ಭಾಗ 7
(ಫೋಟೋ ಇಲ್ಲ. ಕಪ್ಪು ಹಿನ್ನೆಲೆ. ಓದಿ.)

"ಅಭಿನವ್ ಬಿಂದ್ರಾ ಸ್ಕೋಪ್ ಇಲ್ಲದೆ ಚಿನ್ನ ತರಲಿಲ್ವಾ" ಅಂತ ಕಾಮೆಂಟ್ ಬಂದಿತ್ತು. ತಂದ್ರು, 2008, ಬೀಜಿಂಗ್, 10 ಮೀಟರ್ ಏರ್ ರೈಫಲ್. ಆದ್ರೆ ಅವರ ರೈಫಲ್ ಮೇಲಿದ್ದದ್ದು ನಿಮ್ಮ ಕಚ್ಚು-ಕಡ್ಡಿ ಅಲ್ಲ, ಅಪರ್ಚರ್ ಸೈಟ್. ಹಿಂದೆ ಸಣ್ಣ ತೂತು, ಮುಂದೆ ಉಂಗುರ. ಮೇಲೆ ಹೇಳಿದ ಸೂಜಿ ತೂತಿನ ತತ್ವವೇ ಅದು. ಕಣ್ಣು ಒಂದೇ ಸಲ ಮೂರು ಕಡೆ ನೋಡಲಾರದು ಅಂತ ಒಲಿಂಪಿಕ್ಸ್‌ನವರೇ ಒಪ್ಕೊಂಡಾಗಿದೆ. ನಮ್ಮೂರ ಸಮಿತಿಗೆ ಮಾತ್ರ ಅನುಮಾನ.

"ಸಂಪ್ರದಾಯ" ಅಂತೀರಾ? ಸರಿ, ಸಂಪ್ರದಾಯ ಮಾತಾಡೋಣ. ಮುತ್ತಜ್ಜನ ಕಾಲದ ಕೋವಿಗೆ ಬಾಯಿಯಿಂದ ಮದ್ದು ತುಂಬ್ತಿದ್ರು. ಇವತ್ತು ಮೈದಾನಕ್ಕೆ ಬರೋದು ಕಾರ್ಖಾನೆಯ ರೈಫಲ್, ಕಾರ್ಖಾನೆಯ ಗುಂಡು. ಅದಕ್ಕೆ ಯಾರೂ ಸಂಪ್ರದಾಯ ತೆಗೀಲಿಲ್ಲ. ಹೋದ ವರ್ಷ ಗೆದ್ದ ಹುಡುಗ ಕಾಂಟ್ಯಾಕ್ಟ್ ಲೆನ್ಸ್ ಹಾಕ್ಕೊಂಡಿದ್ದ, ಅದೂ ಗಾಜಿನ ತಮ್ಮನೇ. ದೂರದ ಕಣ್ಣು ಹೋದವನಿಗೆ ಲೆನ್ಸ್ ಓಕೆ, ಹತ್ತಿರದ ಕಣ್ಣು ಹೋದವರಿಗೆ "ಹುಡುಗರು ಹೊಡೀಲಿ".

"ಆಮೇಲೆ ಎಲ್ಲರೂ ಬೇಟೆಗೆ ಹಾಕ್ಕೊಳ್ತಾರೆ" ಅಂತ ಇನ್ನೊಬ್ಬರು. ಬೇಟೆ 1972ರ ಕಾಯ್ದೆ ಪ್ರಕಾರ ಅಪರಾಧ, ಗ್ಲಾಸ್ ಇದ್ರೂ ಅಪರಾಧ ಇಲ್ಲದಿದ್ರೂ ಅಪರಾಧ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ಇರೋ ವಿನಾಯಿತಿಯನ್ನ ಕೇಂದ್ರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿದಿದೆ. ಆ ನಂಬಿಕೆ ಉಳಿಸ್ಕೊಳ್ಳೋ ಜವಾಬ್ದಾರಿ ಎಲ್ಲರ ಮೇಲೂ ಇದೆ, ಅಪ್ಪ ಅದನ್ನ ನನಗೆ ಕೋವಿ ಮುಟ್ಟೋಕೆ ಮುಂಚೆನೇ ಕಲಿಸಿದ್ರು.

ಒಂದು ಮಾತ್ರ ನಿಮ್ಮ ಕಡೆ ನ್ಯಾಯ ಇದೆ, ಒಪ್ಕೋತೀನಿ. 3 ಎಕ್ಸ್ ಹಾಕಿದವನು ಓಪನ್ ಸೈಟ್‌ನವನ ಎದುರು ನಿಂತ್ರೆ ಅದು ಸಮ ಅಲ್ಲ. ಅಭ್ಯಾಸಕ್ಕೆ ನನಗೆ 3 ಎಕ್ಸೇ ಇಷ್ಟ, ಆದ್ರೆ ಸ್ಪರ್ಧೆಗೆ ಅದನ್ನ ಕೇಳಿಲ್ಲ, ಕೇಳೋದೂ ಇಲ್ಲ. ನಾನು ಕೇಳಿದ್ದು 1 ಎಕ್ಸ್. ಒಂದು ಎಕ್ಸ್ ಅಂದ್ರೆ ದೊಡ್ಡದು ಮಾಡೋದೇ ಇಲ್ಲ. ಕಾಯಿ ಬರಿಗಣ್ಣಿಗೆ ಎಷ್ಟು ಕಾಣುತ್ತೋ ಅಷ್ಟೇ. ಅದು ಮಾಡೋ ಒಂದೇ ಉಪಕಾರ, ಗುರಿಯ ಗೆರೆಯನ್ನೂ ಕಾಯಿಯನ್ನೂ ಒಂದೇ ದೂರಕ್ಕೆ ತಂದು ಕೂರಿಸೋದು. ಇಪ್ಪತ್ತು ವರ್ಷದ ಕಣ್ಣಿಗೆ ದೇವರು ಪುಕ್ಕಟೆ ಕೊಟ್ಟಿದ್ದನ್ನ ಐವತ್ತಾರರ ಕಣ್ಣಿಗೆ ದುಡ್ಡು ಕೊಟ್ಟು ವಾಪಸ್ ತರೋದು.

ಭಾಗ 8
(ವಿಡಿಯೋ: 12 ಸೆಕೆಂಡ್. ಸೌಂಡ್ ಆನ್ ಮಾಡಿ.)

ಮೈಸೂರಲ್ಲಿ ರೇಂಜ್‌ಗೆ ಹೋಗೋ ಒಬ್ಬ ಅಣ್ಣ ಒಂದು ವಾರಕ್ಕೆ ತಮ್ಮ 1 ಎಕ್ಸ್ ಪ್ರಿಸಂ ಕೊಟ್ಟಿದ್ದಾರೆ. ಹೋದ ಭಾನುವಾರ ತೋಟದ ಹಿಂದಿನ ಮಣ್ಣಿನ ದಿಬ್ಬದಲ್ಲಿ, ಹಿಂದೆ ಮುಂದೆ ಯಾರೂ ಇಲ್ಲ ಅಂತ ನೋಡ್ಕೊಂಡು, 50 ಮೀಟರ್ ಅಳೆದು ಕಾಯಿ ಇಟ್ವಿ. ಅಪ್ಪ ಮೊದಲು ಮುಖ ಸಿಂಡರಿಸಿದ್ರು, "ಇದೇನು ಆಟದ ಸಾಮಾನು" ಅಂತ. ಡಯಾಪ್ಟರ್ ತಿರುಗಿಸಿ ಕೊಟ್ಟೆ. ಕೆನ್ನೆ ಇಟ್ರು. ತುಂಬಾ ಹೊತ್ತು ಹೊಡೀಲೇ ಇಲ್ಲ.

ಯಾಕೆ ಅಂದೆ.

"ಕಾಣ್ತಿದೆ ಕಣೇ" ಅಂದ್ರು.

ಮೊದಲ ಗುಂಡು ಎಡಕ್ಕೆ ಹೋಯ್ತು, ಇನ್ನೂ ಝೀರೋ ಸರಿ ಆಗಿರಲಿಲ್ಲ. ನಾಲ್ಕನೇದು ನೀವೇ ಕೇಳಿಸ್ಕೊಳ್ಳಿ.

ಸಮಿತಿಯ ಅಣ್ಣಂದಿರೇ, ಮಾವಂದಿರೇ, ಶನಿವಾರ ಸಂಜೆ ಮೀಟಿಂಗ್ ಇದೆ ಅಂತ ಗೊತ್ತು. ಅರ್ಜಿ ಬರೆದಿದ್ದೀನಿ, ಒಂದೇ ಸಾಲು: 45 ದಾಟಿದವರಿಗೆ 1 ಎಕ್ಸ್ ಸೈಟ್‌ಗೆ ಅವಕಾಶ ಕೊಡಿ. ಅದೇ ಮೈದಾನ, ಅದೇ ದೂರ, ಅದೇ ಮೂರು ಗುಂಡು. ಕೋವಿ ತರಲ್ಲ, ಗ್ಲಾಸ್ ಒಂದೇ ತರ್ತೀನಿ. ಒಬ್ಬೊಬ್ಬರೇ ಕಿಟಕಿ ಹತ್ರ ಬಂದು ಎರಡೂ ಕಣ್ಣು ತೆರೆದು ಆಚೆ ಹಲಸಿನ ಮರ ನೋಡಿ. ಮರ ಒಂದು ಇಂಚು ದೊಡ್ಡದಾಗಿ ಕಂಡ್ರೂ ಅರ್ಜಿ ನಾನೇ ಹರಿದು ಹಾಕ್ತೀನಿ. ಮೈಕ್ ಅಣ್ಣ, ನೀವು ಮೊದಲು ಬನ್ನಿ. ನಿಮಗೂ ಈಗ 47 ಅಲ್ವಾ?

#ಕೈಲ್‌ಪೋಳ್ದ್ #ಕೊಡಗು #ತೆಂಗಿನಕಾಯಿಗೆಗುಂಡು #ಪ್ರಿಸಂಸೈಟ್ #ಅಪ್ಪನಕಣ್ಣು